ಗಾಜಿನ ಕೆಳಗಿನ ಬಿಸಿಲು

ಗಂಗಾವತಿಯ ಈಶಪ್ಪ ಸಾಹುಕಾರನ ಅಕ್ಕಿ ಮಿಲ್ಲಿನಲ್ಲಿ ಕುಣಿಗೆ ಇಳಿಯುವ ಹೆಂಗಸು ಮೊದಲು ಗೋಡೆಯ ಮೇಲಿನ ಬಿಳಿ ಪಿಂಗಾಣಿ ಫ್ಯೂಸನ್ನು ಕಿತ್ತು ಉಡಿಯಲ್ಲಿ ಕಟ್ಟಿಕೊಳ್ಳಬೇಕು. ಇದನ್ನು ಯಾವ ಇಂಜಿನಿಯರೂ ಹೇಳಿಕೊಟ್ಟದ್ದಲ್ಲ. ಭತ್ತವನ್ನು ಮೇಲಕ್ಕೆ ಹೊತ್ತೊಯ್ಯುವ ಎಲಿವೇಟರಿನ ಬುಡ ಆ ಕುಣಿಯಲ್ಲಿತ್ತು. ಉದ್ದನೆಯ ಪಟ್ಟಕ್ಕೆ ಬಿಗಿದ ತಗಡಿನ ಡಬ್ಬಿಗಳು ಒಂದರ ಹಿಂದೊಂದು ಕೆಳಗೆ ಬಂದು, ಭತ್ತ ಬಾಚಿಕೊಂಡು, ಮೇಲೇರುತ್ತಿದ್ದವು. ಹಸಿ ಭತ್ತ, ಹುಲ್ಲು, ಗೋಣಿಯ ಚಿಂದಿ ಸೇರಿ ಬುಡ ಕಟ್ಟಿಕೊಂಡಿತೆಂದರೆ ಒಬ್ಬರು ಒಳಗಿಳಿದು ಡಬ್ಬಿಗಳ ನಡುವೆ ತೋಳು ತೂರಿಸಿ ತೆಗೆಯಬೇಕು. ಆಗ ಮೇಲೆ ಯಾರೋ ಪುಣ್ಯಾತ್ಮ ಮೋಟಾರು ಚಾಲೂ ಮಾಡಿದನೋ, ಅಲ್ಲಿಗೆ ಕಥೆ ಮುಗಿಯಿತು. ಅದಕ್ಕೇ ಫ್ಯೂಸು ಉಡಿಯಲ್ಲಿ.

‘ನಮ್ಮ ಜೀವ ನಮ್ಮ ಉಡ್ಯಾಗ ಇರಬೇಕವ್ವ, ಮಂದಿ ಕೈಯಾಗ ಯಾಕ’ ಎಂದು ಹುಲಿಗವ್ವ ಹೊಸಬರಿಗೆ ಹೇಳುತ್ತಿದ್ದಳು. ಹೇಳುವ ಹಕ್ಕು ಅವಳಿಗಿತ್ತು. ಗಂಡ ಸತ್ತ ವರ್ಷದಿಂದ ಆ ಕುಣಿಗೆ ಇಳಿದವಳು ಅವಳೇ. ಸಣ್ಣ ಮೈ, ಗಟ್ಟಿ ಕಾಲು. ಆ ಕುಣಿಯ ಕೂಲಿಯಲ್ಲೇ ತಮ್ಮ ವೆಂಕೋಬನನ್ನು ಸಾಲಿಗೆ ಹಾಕಿ, ಆಮೇಲೆ ಬಸ್‌ಸ್ಟ್ಯಾಂಡಿನ ಹತ್ತಿರ ರೇಡಿಯೋ ರಿಪೇರಿಯ ಅಂಗಡಿ ಇಡಿಸಿದಳು.

ವೆಂಕೋಬ ಜಾಣ. ಅದರಲ್ಲಿ ಎರಡು ಮಾತಿಲ್ಲ. ಆದರೆ ಜಾಣರಿಗೆ ಒಂದು ರೋಗ ಇರುತ್ತದೆ, ತಮ್ಮ ಜಾಣತನವನ್ನು ನಾಲ್ಕು ಜನ ನೋಡಬೇಕು. ರೇಡಿಯೋದಲ್ಲಿ ಅಂಥದ್ದೇನು ತೋರಿಸುವುದು? ಹಾಡಿದರೆ ಹಾಡಿತು, ಗೊರಗುಟ್ಟಿದರೆ ಗೊರಗುಟ್ಟಿತು. ಅಂಥದ್ದರಲ್ಲಿ ಇಬ್ರಾಹಿಂಸಾಬರ ಮಗ ಕುವೈತಿನಿಂದ ಬರುವಾಗ ತಮ್ಮಂದಿರಿಗೆಂದು ಒಂದು ಮನೆ ಕಂಪ್ಯೂಟರು ತಂದ. ಹೋಳಿಗೆ ಮಣೆಯಷ್ಟು ದೊಡ್ಡದು, ಮೇಲೆ ರಬ್ಬರಿನ ಗುಂಡಿಗಳು. ಟಿವಿಗೆ ಜೋಡಿಸಬೇಕು, ಟೇಪ್‌ರೆಕಾರ್ಡರಿನಿಂದ ಪ್ರೋಗ್ರಾಮು ಉಣಿಸಬೇಕು. ಹುಡುಗರು ಕೆಲವು ದಿನ ಆಡಿ ಬೇಸತ್ತರು. ‘ತಗೊಂಡು ಹೋಗಪಾ, ಮನ್ಯಾಗ ಬರೇ ಧೂಳು ತಿನ್ನಾಕತ್ತೈತಿ’ ಎಂದು ಸಾಬರು ಕೊಟ್ಟುಬಿಟ್ಟರು. ಅಂದಿನಿಂದ ವೆಂಕೋಬನಿಗೆ ಊಟ ರುಚಿಸಲಿಲ್ಲ.

ಆ ಕಂಪ್ಯೂಟರಿನ ಬೆನ್ನಿಗೆ ಒಂದು ಬಾಯಿ ಇತ್ತು. ಅದಕ್ಕೆ ತಕ್ಕ ಕಾರ್ಡು ಸಿಕ್ಕಿಸಿದರೆ ಕಂಪ್ಯೂಟರು ಹೊಸ ಕೆಲಸ ಕಲಿಯುತ್ತದೆ ಎಂದು ಎಲ್ಲೋ ಓದಿಕೊಂಡ. ಹೈದರಾಬಾದಿಗೆ ಹೋಗಿ ಕೋಠಿಯ ಗುಜರಿಯಲ್ಲಿ ಹುಡುಕಿ ಒಂದು ಕಾರ್ಡು ತಂದ. ಯಾರೋ ಹವ್ಯಾಸಿ ಕೈಯಾರೆ ಬೆಸುಗೆ ಹಾಕಿದ್ದು. ಅದರ ಮೇಲೆ ಸಾಲಾಗಿ ರಿಲೇಗಳು, ಅಂದರೆ ಕಂಪ್ಯೂಟರು ಹೇಳಿದಾಗ ಟಕ್ಕೆಂದು ಕೂಡಿ, ಬಿಡು ಎಂದಾಗ ಬಿಡುವ ಸ್ವಿಚ್ಚುಗಳು. ಅವಕ್ಕೆಲ್ಲ ಅಪ್ಪಣೆ ಕೊಡುವುದು ನಡುವೆ ಕೂತ, ಕಲಿಸಿದ ಪಾಠ ನೆನಪಿಟ್ಟುಕೊಳ್ಳುವ ಒಂದು ಚಿಪ್ಪು. ಇಕ್ಕೆಲದಲ್ಲೂ ಕಾಲು, ಬೆನ್ನ ಮೇಲೆ ಬೆಳಕು ಹಾಯುವ ಪುಟ್ಟ ಕಿಟಕಿ. ‘ಇದೇನೋ ಇದು, ಜರಿಹುಳ ಇದ್ದಂಗೈತಿ’ ಎಂದಳು ಹುಲಿಗವ್ವ.

ಆ ಕಾರ್ಡು ಹೈದರಾಬಾದಿನಲ್ಲಿ ಯಾವುದೋ ಅಂಗಡಿಯ ಮುಂದೆ ಬಣ್ಣದ ದೀಪ ಓಡಿಸುತ್ತಿತ್ತಂತೆ. ಒಂದು ಹೊತ್ತಿ ಆರುವುದು, ಮುಂದಿನದು ಹೊತ್ತುವುದು. ವೆಂಕೋಬ ಅದನ್ನು ಎಲಿವೇಟರಿಗೆ ಪಳಗಿಸಲು ಕೂತ. ಕಾರ್ಡಿನ ತಾಮ್ರದ ಗೆರೆಗಳನ್ನು ಬ್ಲೇಡಿನಿಂದ ಕೆರೆದು ತುಂಡರಿಸಿದ, ಹೊಸ ತಂತಿ ಹಾಯಿಸಿದ, ಸಣ್ಣ ರಿಲೇ ಕಿತ್ತು ದಪ್ಪ ರಿಲೇ ಕೂರಿಸಿದ. ಮೇಲಿನ ಕಣಜ ತುಂಬಿದರೆ ಮೋಟಾರು ತಾನೇ ನಿಲ್ಲಬೇಕು, ಬರಿದಾದರೆ ತಾನೇ ಹೊರಡಬೇಕು, ಎಷ್ಟು ಚೀಲ ಏರಿತೆಂಬುದು ಟಿವಿಯ ಮೇಲೆ ಮೂಡಬೇಕು. ಇನ್ನು ಉಳಿದದ್ದು ಚಿಪ್ಪಿನೊಳಗಿನ ಹಳೆಯ ಪಾಠ ಅಳಿಸಿ ಹೊಸದು ಬರೆಯುವುದು.

ದೊಡ್ಡ ಊರುಗಳಲ್ಲಿ ಅದಕ್ಕೊಂದು ನೇರಳೆ ದೀಪ ಇರುತ್ತದೆ. ವೆಂಕೋಬನ ಹತ್ತಿರ ಎಲ್ಲಿಂದ ಬರಬೇಕು? ಆದರೆ ಬಿಸಿಲಿನಲ್ಲೂ ಅದೇ ಕಿರಣ ಇದೆ, ವಾರಗಟ್ಟಲೆ ಕಾಯಿಸಿದರೆ ಬಿಸಿಲೇ ಅಳಿಸುತ್ತದೆ. ನಮ್ಮ ಸೀಮೆಯಲ್ಲಿ ನೀರಿಗೆ ಬರ ಬಂದೀತು, ಬಿಸಿಲಿಗೆ ಬಂದದ್ದುಂಟೇ? ಮಾಳಿಗೆಯ ಮೇಲೆ ಸಂಡಿಗೆ ಹಾಕಿದ ಸೀರೆಯ ಪಕ್ಕ, ಒಂದು ತಾಟಿನಲ್ಲಿ ಚಿಪ್ಪನ್ನಿಟ್ಟು ಅಂಗಡಿಗೆ ಹೋದ. ಸಂಜೆ ಸಂಡಿಗೆಯ ಜೊತೆ ಅದನ್ನೂ ಕೆಳಗೆ ತರುವುದು, ಬೆಳಿಗ್ಗೆ ಮತ್ತೆ ಒಯ್ದಿಡುವುದು ಹುಲಿಗವ್ವನ ಪಾಲಿಗೆ ಬಂತು. ಸಂಡಿಗೆ ಒಣಗಿತು, ಮೆಣಸಿನಕಾಯಿ ಒಣಗಿತು. ಒಂದು ತಂಪಾದ ಬೆಳಿಗ್ಗೆ ವೆಂಕೋಬ ಚಿಪ್ಪನ್ನು ಓದಿಸಿ ನೋಡಿದ. ಒಳಗೆ ಏನೂ ಇಲ್ಲ, ಎಲ್ಲ ಖಾಲಿ ಎಂದಿತು ಪರದೆ. ಹೊಸ ಪಾಠ ಬರೆದು, ಕಾರ್ಡಿಗೆ ಕೂರಿಸಿ, ಮಿಲ್ಲಿಗೆ ಒಯ್ದ.

ಈಶಪ್ಪನಿಗೆ ಹುಚ್ಚೇ ಹಿಡಿಯಿತು. ಎಲಿವೇಟರು ತಾನೇ ನಿಂತದ್ದಕ್ಕಲ್ಲ, ತಾನೇ ಹೊರಟದ್ದಕ್ಕೂ ಅಲ್ಲ. ಟಿವಿಯ ಮೇಲೆ ಚೀಲದ ಸಂಖ್ಯೆ ಏರುತ್ತಿತ್ತಲ್ಲ, ಅದಕ್ಕೆ. ಕುರ್ಚಿ ಹಾಕಿಕೊಂಡು ಅದರ ಮುಂದೆ ಕೂತುಬಿಟ್ಟ. ಮಧ್ಯಾಹ್ನ ಬುಡ ಕಟ್ಟಿತು, ಹುಲಿಗವ್ವ ವಾಡಿಕೆಯಂತೆ ಫ್ಯೂಸು ಕಿತ್ತಳು, ಪರದೆ ಕಪ್ಪಾಯಿತು, ಬೆಳಿಗ್ಗೆಯಿಂದ ಏರಿದ ಸಂಖ್ಯೆಯೆಲ್ಲ ಗಾಳಿಗೆ ಹೋಯಿತು. ಕಂಪ್ಯೂಟರಿಗೂ ಮೋಟಾರಿಗೂ ಅದೊಂದೇ ಫ್ಯೂಸು. ಬೇರೆ ವೈರು ಎಳೆದಿದ್ದರೆ ಮುಗಿಯುತ್ತಿತ್ತು. ಹೊಳೆಯಲಿಲ್ಲ ಅಂತಲ್ಲ, ಎಳೆದರಾಯಿತು ಎಂದುಕೊಂಡೇ ಉಳಿದರು.

‘ಇನ್ನ ಮ್ಯಾಲೆ ಪೀಜು ಯಾರೂ ಮುಟ್ಟಬ್ಯಾಡ್ರಿ’ ಎಂದ ಈಶಪ್ಪ. ‘ಕಂಪ್ಯೂಟರಿನಾಗ ಕೆಂಪು ಗುಂಡಿ ಐತಲ್ಲ, ಅದನ್ನೊತ್ತಿದ್ರ ಎಲಿವೇಟರು ನಿಂತಂಗ ನಿಲ್ಲತೈತಿ. ಹೌದಿಲ್ಲೋ ವೆಂಕೋಬ?’

‘ಹೌದ್ರಿ’ ಎಂದ ವೆಂಕೋಬ. ಒತ್ತಿದರೆ ಮತ್ತೊಮ್ಮೆ ಒತ್ತುವ ತನಕ ಹೊರಡದಂತೆ ಅವನೇ ಬರೆದಿದ್ದ. ಹುಲಿಗವ್ವ ಗುಂಡಿ ಒತ್ತಿ, ಬರಿ ಉಡಿಯಲ್ಲಿ ಕುಣಿಗಿಳಿದಳು. ತಮ್ಮ ಮಾಡಿದ ಮಶೀನಲ್ಲವೇ, ಹೆದರುವುದೇನು ಎಂಬ ಮುಖ ಅವಳದು. ಉಳಿದ ಹೆಂಗಸರು ಬಗ್ಗಿ ನೋಡಿದರು.

ಸಂಜೆ ಉಣ್ಣಲು ಕೂತಾಗ ಹುಲಿಗವ್ವ ಬಿಸಿ ರೊಟ್ಟಿ ಹಾಕುತ್ತ ಹೇಳಿದಳು: ‘ಮಂದಿ ಎಲ್ಲಾ ನಿನ್ನ ಹೊಗಳಿದ್ದ ಹೊಗಳಿದ್ದು. ನನ್ನನ್ನ ಯಾರು ಹೊಗಳ್ತಾರ? ನಿನ್ನ ಜರಿಹುಳಾನ ನಾ ಹೆಂಗ ಜ್ವಾಪಾನ ಮಾಡೀನಿ ಗೊತ್ತೇನು? ಮಿಲ್ಲಿನ ಚಿಮಣಿ ಬೂದಿ ಬಂದು ಸಂಡಿಗಿ ಮ್ಯಾಲೆಲ್ಲಾ ಕೂಡತಿತ್ತು. ಇದರ ಕಣ್ಣಿಗೆ ಬೂದಿ ಬಿದ್ದೀತು ಅಂತ ದಿನಾ ಫೋಟೋದ ಗಾಜು ಮುಚ್ಚಿ ಇಡತಿದ್ದೆ.’

ವೆಂಕೋಬನ ಕೈಯಲ್ಲಿನ ರೊಟ್ಟಿ ಅಲ್ಲೇ ನಿಂತಿತು.

‘ಗಾಜು ಮುಚ್ಚಿದ್ಯಾ?’

‘ಬಿಸಲಿಗೇನು ಗಾಜು ಅಡ್ಡ ಆಕ್ಕೈತೇನು? ಅದರೊಳಗ ಎಲ್ಲಾ ಕಾಣತೈತಲ್ಲ. ಮುಟ್ಟಿದ್ರ ಕೈ ಸುಡತಿತ್ತು.’

ಅವಳ ಮಾತಿನಲ್ಲಿ ತಪ್ಪೇನಿದೆ ಹೇಳಿ. ಗಾಜಿನ ಭರಣಿಯಲ್ಲಿ ನಿಂಬೆಕಾಯಿ ಬಿಸಿಲಿಗಿಟ್ಟು ಉಪ್ಪಿನಕಾಯಿ ಮಾಡಿದ ಕೈ ಅದು. ಆದರೆ ಬೆಳಕು ಬೇರೆ, ಅಳಿಸುವ ಕಿರಣ ಬೇರೆ. ಬೆಳಕನ್ನು, ಸೆಖೆಯನ್ನು ಗಾಜು ಒಳಗೆ ಬಿಡುತ್ತದೆ. ಆ ಕಿರಣವನ್ನು ಬಾಗಿಲಲ್ಲೇ ತಡೆಯುತ್ತದೆ. ಚಿಪ್ಪಿನ ಬೆನ್ನಿನ ಕಿಟಕಿಯನ್ನು ಮಾಮೂಲಿ ಗಾಜಿನಿಂದ ಮಾಡದೆ ಬೇರೆಯದೇ ಕಲ್ಲಿನಿಂದ ಮಾಡಿರುವುದು ಅದಕ್ಕೇ. ತೆಳ್ಳಗೆ ಸುಣ್ಣ ಬಳಿದ ಗೋಡೆಯಲ್ಲಿ ಮಳೆ ಬಿದ್ದಾಗ ಹಳೆಯ ಅಕ್ಷರ ಮತ್ತೆ ಕಾಣುವ ಹಾಗೆ, ಅರೆಬರೆ ಅಳಿಸಿದ ಪಾಠ ಕರೆಂಟು ಪೂರ್ತಿ ಇರುವಾಗ ಅಡಗಿದ್ದು, ವೋಲ್ಟೇಜು ಬಿದ್ದಾಗ ತಲೆ ಎತ್ತುತ್ತದೆ. ಇದು ವೆಂಕೋಬನಿಗೆ ಗೊತ್ತಿತ್ತು. ಅಕ್ಕನಿಗೆ ಹೇಳಲಿಲ್ಲ. ಓದಿಸಿದಾಗ ಖಾಲಿ ಇತ್ತಲ್ಲ, ಏನೂ ಆಗಲಿಕ್ಕಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ಉಂಡೆದ್ದ.

ಮರುದಿನ ಮಧ್ಯಾಹ್ನ ಅವನು ಮಿಲ್ಲಿಗೆ ಹೋಗಿ ಕಾರ್ಡಿನ ಪಕ್ಕ ನಿಂತ. ಹೊಲಗಳಲ್ಲಿ ಪಂಪ್‌ಸೆಟ್ಟು ಚಾಲೂ ಆಗಿ ವೋಲ್ಟೇಜು ಬೀಳುವ ಹೊತ್ತು. ಎಲಿವೇಟರು ನಿಂತಿತ್ತು, ಪರದೆಯ ಮೇಲೂ ನಿಂತಿದೆ ಎಂದೇ ಇತ್ತು. ತಲೆಯ ಮೇಲಿನ ಬಲ್ಬು ಕೆಂಪಗಾಗುತ್ತ ಬಂತು. ಟಕ್ ಎಂದಿತು ಮೊದಲ ರಿಲೇ. ಕೂಡಿತು, ಬಿಟ್ಟಿತು. ಎರಡನೆಯದು ಕೂಡಿತು. ಆಮೇಲೆ ಮೂರನೆಯದು. ಯಾವ ಅಪ್ಪಣೆಯೂ ಇಲ್ಲದೆ, ಹೈದರಾಬಾದಿನ ದೀಪದ ಸಾಲು ಗಂಗಾವತಿಯ ಭತ್ತದ ಧೂಳಿನಲ್ಲಿ ಓಡುತ್ತಿತ್ತು. ಕುಣಿಯ ಡಬ್ಬಿಗಳು ಗಕ್ಕನೆ ಒಂದು ಗೇಣು ಮೇಲೇರಿ ನಿಂತವು. ಭತ್ತ ಸುಲಿಯುವ ಹಲ್ಲರಿನ ಗದ್ದಲದಲ್ಲಿ ಯಾರೂ ಗಮನಿಸಲಿಲ್ಲ. ಬಲ್ಬು ಬೆಳ್ಳಗಾಯಿತು, ಎಲ್ಲ ಮೊದಲಿನಂತಾಯಿತು.

ಹೇಳಿಬಿಡಬೇಕು ಎಂದೇ ಅವನು ಈಶಪ್ಪನ ಕೋಣೆಗೆ ಹೋದ. ದೇವರಾಣೆಗೂ ಹೇಳಬೇಕೆಂದೇ ಹೋದ.

‘ಬಾರೋ ಕಂಪ್ಯೂಟರಾ’ ಎಂದ ಈಶಪ್ಪ. ‘ಶನಿವಾರ ಕಾರಟಗಿಯವರು, ಸಿರಗುಪ್ಪದವರು, ಮಿಲ್ ಮಾಲಕರೆಲ್ಲಾ ನೋಡಾಕ ಬರತಾರ. ನಮ್ಮ ಮಿಲ್ಲಿನಾಗ ದುಡದ ಹೆಣ್ಣುಮಗಳ ತಮ್ಮ ಮಾಡ್ಯಾನಂತ ಹೇಳೀನಿ. ನಂಬವಲ್ಲರು. ನೀ ಚಲೋ ಅಂಗಿ ಹಾಕ್ಕೊಂಡು ಬಾ. ಎಲ್ಲಾರ ಮುಂದ ನೀನ ನಿಂತು ತೋರಸಬೇಕು.’ ಆಮೇಲೆ ಅವನ ಮುಖ ನೋಡಿ, ‘ಏನೋ ಹೇಳಾಕ ಬಂದಂಗೈತಿ?’ ಎಂದ.

ಬಿಸಿ ತುಪ್ಪ, ಉಗುಳಲೂ ಆಗದು ನುಂಗಲೂ ಆಗದು. ಕಾರ್ಡು ಕಳಚಬೇಕು, ಚಿಪ್ಪನ್ನು ಮತ್ತೆ ವಾರಗಟ್ಟಲೆ ಬಿಸಿಲಿಗಿಡಬೇಕು, ಅಲ್ಲಿಯ ತನಕ ಫ್ಯೂಸು ಉಡಿಯಲ್ಲಿರಲಿ. ಇಷ್ಟೇ ಮಾತು. ಶನಿವಾರ ಮುಗಿಯಲಿ, ಆಮೇಲೆ ಸರ್ವೀಸಿಗೆ ಅಂತ ಬಿಚ್ಚಿಕೊಂಡು ಹೋದರಾಯಿತು ಎನ್ನಿಸಿತು. ಆದರೆ ಶನಿವಾರದೊಳಗೆ ಕುಣಿಗೆ ಇಳಿಯುವವಳು ಅಕ್ಕ. ಆಗ ಅವನ ಬಾಯಿಂದ ಬೇರೆಯದೇ ಮಾತು ಹೊರಬಿತ್ತು.

‘ಸಾಹುಕಾರ್ರ, ನಮ್ಮಕ್ಕಗ ಮೊಣಕಾಲು ಭಾಳ ನೋವಾಗೈತ್ರಿ. ಕುಣಿಗೆ ಇಳ್ಯಾಕ ಆಗಂಗಿಲ್ಲ. ಮ್ಯಾಲಿನ ಜರಡಿಗೆ ಹಾಕ್ರಿ.’

‘ಇಷ್ಟಕ್ಕ ಹಿಂಗ್ಯಾಕ ಬೆವರತಿ?’ ಎಂದು ನಕ್ಕ ಈಶಪ್ಪ. ‘ನಾಳಿಂದನ ಮ್ಯಾಲೆ ಹೋಗ್ಲಿ. ಆ ತಾವರಗೇರಾದಿಂದ ಬಂದ ಹುಡುಗಿ ಅದಾಳಲ್ಲ, ಹಮಾಲಿ ಕಾಳಪ್ಪನ ಹೇಣ್ತಿ ಹೊಳಿಯಮ್ಮ. ಅಕಿ ಇಳೀಲಿ.’

ವೆಂಕೋಬ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಹೊರಗೆ ಬಂದ. ಅಕ್ಕನ ಮುಂದೆ ಇನ್ನೊಂದು ಸುಳ್ಳು ಹೇಳಿದ: ‘ಸಾಹುಕಾರ್ರು ತಾವಾಗೇ ನಿನ್ನ ಮ್ಯಾಲೆ ಹಾಕ್ಯಾರಕ್ಕಾ. ಇಷ್ಟು ವರ್ಷ ಕುಣ್ಯಾಗ ದುಡದಾಳ, ಇನ್ನ ಸಾಕು ಅಂದ್ರು.’ ಹುಲಿಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹುಲಿಗೆಮ್ಮನಿಗೆ ಕಾಯಿ ಒಡೆಸುತ್ತೇನೆಂದಳು. ಅಷ್ಟು ಸಂತೋಷಪಟ್ಟದ್ದನ್ನು ಅವನು ಎಂದೂ ನೋಡಿರಲಿಲ್ಲ, ಅದನ್ನು ನೋಡಲೂ ಅವನಿಂದ ಆಗಲಿಲ್ಲ.

ಬೆಳಿಗ್ಗೆ ಹುಲಿಗವ್ವ ಹೊಳಿಯಮ್ಮನಿಗೆ ಕೆಲಸ ಹೇಳಿಕೊಡುತ್ತಿದ್ದಾಗ ವೆಂಕೋಬ ಅಲ್ಲೇ ಇದ್ದ. ಹೊಳಿಯಮ್ಮ ಎಳೆಯ ಹೆಂಗಸು. ಮದುವೆಯ ಹಸಿರು ಬಳೆ ಇನ್ನೂ ಕೈತುಂಬ ಇದ್ದವು. ಕುಣಿಗೆ ಅಡ್ಡ ಬರುತ್ತವೆ ಎಂದು ಮೊಣಕೈ ತನಕ ಏರಿಸಿಕೊಂಡಿದ್ದಳು. ಕುಣಿಯೊಳಗೆ ಇಣುಕಿದ್ದೇ ಅವಳ ಕೈ ತಾನಾಗಿ ಫ್ಯೂಸಿನ ಕಡೆ ಹೋಯಿತು.

‘ಅದು ಬ್ಯಾಡ ತಂಗಿ, ಹಳೇ ಕಾಲದ್ದು’ ಎಂದಳು ಹುಲಿಗವ್ವ. ‘ಈಗ ನಮ್ಮ ತಮ್ಮ ಮಾಡ್ಯಾನಲ್ಲ. ಕೆಂಪು ಗುಂಡಿ ಒತ್ತು, ಇಳಿ, ಅಷ್ಟ.’

ಹೊಳಿಯಮ್ಮ ವೆಂಕೋಬನ ಕಡೆ ತಿರುಗಿದಳು. ‘ಖರೇ ಏನ್ರಿ ಅಣ್ಣಾ? ಪೀಜು ತಗಿಯೋದು ಬ್ಯಾಡೇನ್ರಿ?’

ಇಲ್ಲಿ ಅವನಿಗೆ ಇನ್ನೊಂದು ಅವಕಾಶವಿತ್ತು. ಆಚೀಚೆ ಈಶಪ್ಪ ಇರಲಿಲ್ಲ, ಮಿಲ್ ಮಾಲಕರು ಇರಲಿಲ್ಲ, ಇದ್ದವರು ಇಬ್ಬರು ಹೆಂಗಸರು. ಅಕ್ಕ ಅವನ ಮುಖವನ್ನೇ ನೋಡುತ್ತಿದ್ದಳು, ಹೆಮ್ಮೆಯಿಂದ.

‘ಹೂಂ’ ಎಂದ.

ಶನಿವಾರ ಎಲ್ಲ ಸುಸೂತ್ರವಾಯಿತು. ಮಾಲಕರು ಬಂದರು, ನೋಡಿದರು, ತಮಗೂ ಬೇಕೆಂದರು. ಒಬ್ಬನಂತೂ ಕಂಪ್ಯೂಟರಿಗೆ ಕೈಮುಗಿದ. ವೆಂಕೋಬ ಇಸ್ತ್ರಿ ಅಂಗಿಯಲ್ಲಿ ನಿಂತು ವಿವರಿಸಿದ. ಎಲ್ಲರೂ ಹೋದ ಮೇಲೆ, ‘ಒಂದೀಟು ಸರ್ವೀಸ್ ಮಾಡಬೇಕ್ರಿ, ಕಾರ್ಡು ಬಿಚ್ಚಿಕೊಂಡು ಹೋಗ್ತೀನಿ’ ಎಂದ. ಈಶಪ್ಪ ಕೈ ಅಡ್ಡ ಮಾಡಿದ. ‘ಚಲೋ ನಡದದ್ದಕ್ಕ ಎಂಥಾ ಸರ್ವೀಸು? ಬ್ಯಾಸಗಿ ಭತ್ತ ಮುಗೀಲಿ, ಆಮ್ಯಾಲೆ ನೋಡೋಣು.’ ಕೆಟ್ಟಿದೆ ಎಂದು ಹೇಳದೆ ಬಿಚ್ಚುವುದು ಹೇಗೆ? ಕಾರ್ಡು ಅಲ್ಲೇ ಉಳಿಯಿತು.

ಮುಂದಿನ ಕೆಲವು ದಿನ ವೆಂಕೋಬ ಮಧ್ಯಾಹ್ನದ ಹೊತ್ತು ಏನಾದರೊಂದು ನೆಪ ಮಾಡಿ ಮಿಲ್ಲಿಗೆ ಹೋಗಿ ಕಾವಲುಗಾರನಂತೆ ಕಾರ್ಡಿನ ಹತ್ತಿರ ನಿಲ್ಲುತ್ತಿದ್ದ. ಹೊಳಿಯಮ್ಮ ಕುಣಿಯಲ್ಲಿದ್ದಷ್ಟು ಹೊತ್ತು ಅವನ ಕೈ ಫ್ಯೂಸಿನ ಹತ್ತಿರವೇ ಇರುತ್ತಿತ್ತು. ಅವಳು ಕೂದಲಲ್ಲಿ ಹೊಟ್ಟು ಸಿಕ್ಕಿಸಿಕೊಂಡು ಹತ್ತಿ ಬಂದು, ‘ಅಣ್ಣಾರು ಭಾಳ ಕಾಳಜಿ ಮಾಡತಾರ’ ಎಂದು ನಗುತ್ತಿದ್ದಳು. ಏನೂ ಆಗಲಿಲ್ಲ. ಏನೂ ಆಗದ ದಿನಗಳು ಭಾರಿ ಮೋಸಗಾರ ದಿನಗಳು. ಅಂಗಡಿಯಲ್ಲಿ ಟಿವಿಗಳು ಪೇರಿದ್ದವು, ಗಿರಾಕಿಗಳು ಬೈಯುತ್ತಿದ್ದರು. ಒಂದು ದಿನ ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ.

ಆ ಎರಡನೆಯ ದಿನವೇ ಮಧ್ಯಾಹ್ನ ರಿಪೇರಿಯಾದ ಟಿವಿಯೊಂದನ್ನು ಹಚ್ಚಿಟ್ಟು ನೋಡುತ್ತಿದ್ದ. ಪರದೆಯ ಚಿತ್ರ ಎರಡೂ ಬದಿಯಿಂದ ಒಳಕ್ಕೆ ಸರಿಯತೊಡಗಿತು. ಟಿವಿಯಲ್ಲಿ ದೋಷವಿರಲಿಲ್ಲ. ವೋಲ್ಟೇಜು ಬೀಳುತ್ತಿತ್ತು. ಚಿತ್ರ ಕುಗ್ಗಿ ಕುಗ್ಗಿ ಅಂಗೈ ಅಗಲವಾಯಿತು, ಮತ್ತೆ ಹಿಗ್ಗಿತು, ಮತ್ತೆ ಕುಗ್ಗಿತು. ವೆಂಕೋಬ ಎದ್ದು ನಿಂತ. ಬುಡ ಕಟ್ಟಿರಲಿಕ್ಕಿಲ್ಲ, ಅವಳು ಇಳಿದಿರಲಿಕ್ಕಿಲ್ಲ ಎಂದುಕೊಳ್ಳುತ್ತಲೇ ಸೈಕಲ್ಲು ಹತ್ತಿದ. ಅಂಗಡಿಯ ಬಾಗಿಲು ತೆರೆದೇ ಇತ್ತು.

ಕನಕಗಿರಿ ರಸ್ತೆಯ ಉದ್ದಕ್ಕೂ ಮಿಲ್ಲುಗಳು ಎಂದಿನಂತೆ ಗುಡುಗುತ್ತಿದ್ದವು. ಗಾಳಿಯಲ್ಲಿ ಕರಿ ಬೂದಿ ಹಾರುತ್ತಿತ್ತು. ಈಶಪ್ಪನ ಮಿಲ್ಲು ಮಾತ್ರ ಸುಮ್ಮನಿತ್ತು. ಗೇಟಿನ ಹತ್ತಿರ ಅವನು ಸೈಕಲ್ಲು ನಿಲ್ಲಿಸಿದ. ಇಳಿದು ತಳ್ಳಿಕೊಂಡು ಒಳಗೆ ಹೋದ.

ಹೊಳಿಯಮ್ಮನನ್ನು ಕುಣಿಯ ಪಕ್ಕ ಗೋಣಿಚೀಲಗಳ ಮೇಲೆ ಮಲಗಿಸಿದ್ದರು. ಉಸಿರಿರಲಿಲ್ಲ. ಬಲಗಡೆಯ ಮೈಮೇಲೆ ಯಾರೋ ಟವೆಲು ಹೊದಿಸಿದ್ದರು. ಗಂಡ ಕಾಳಪ್ಪ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂದಲಲ್ಲಿ ಸಿಕ್ಕ ಭತ್ತದ ಕಾಳುಗಳನ್ನು ಆರಿಸುತ್ತಿದ್ದ. ಹಮಾಲರು ದೂರ ನಿಂತಿದ್ದರು. ಹುಲಿಗವ್ವ ಮೇಲಿನ ಜರಡಿಯಿಂದ ಇಳಿಯುತ್ತ ಏಣಿಯ ನಡುವೆ ನಿಂತುಬಿಟ್ಟಿದ್ದಳು, ಹುಬ್ಬಿನ ಮೇಲೆಲ್ಲ ತವುಡು.

ಈಶಪ್ಪ ವೆಂಕೋಬನ ಭುಜ ಹಿಡಿದುಕೊಂಡ. ‘ನಿನ್ನ ಮಶೀನಿಂದಲ್ಲ ಬಿಡು. ಹೊಸಾ ಹೆಣ್ಣುಮಗಳು. ಗುಂಡಿ ಒತ್ತೋದು ಮರತಾಳ.’

‘ಒತ್ತಿದ್ಲರಿ’ ಎಂದ ಕಾಳಪ್ಪ, ತಲೆ ಎತ್ತದೆ. ‘ಚೀಲ ಹೊತಗೊಂಡು ಇಲ್ಲೇ ಹೊಂಟಿದ್ದೆ. ಒತ್ತಿದ್ದು ನಾ ನೋಡೀನಿ. ವೆಂಕೋಬಣ್ಣಾರನ್ನ ಕೇಳೀನಿ, ಏನೂ ಆಗಂಗಿಲ್ಲಂತ, ಅಂತ ಮನ್ಯಾಗ ಹೇಳಿದ್ಲು.’

ಈಶಪ್ಪ ಬಾಯಿಗೆ ಬಂದದ್ದು ಹೇಳಿದ: ‘ಹಣೇಬಾರ ನೋಡು. ಅಕ್ಕಗ ಮೊಣಕಾಲು ನೋವು, ಮ್ಯಾಲೆ ಹಾಕ್ರಿ ಅಂತ ನೀ ಬಂದು ಹೇಳದಿದ್ರ ಇವತ್ತು ಇಲ್ಲಿ ಹುಲಿಗವ್ವ ಇರತಿದ್ಲು.’

‘ಯಾರ ಮೊಣಕಾಲು?’ ಎಂದಳು ಹುಲಿಗವ್ವ.

ಏಣಿಯಿಂದ ಇಳಿದು ಬಂದು ತಮ್ಮನ ಎದುರು ನಿಂತಳು. ‘ನನಗ ಎಂದಾರ ಮೊಣಕಾಲು ನೋವು ಅಂದೀನೇನು? ಸಾಹುಕಾರ್ರು ತಾವಾಗೇ ಹಾಕ್ಯಾರ ಅಂದ್ಯಲ್ಲ ನನಗ.’

ಅವಳು ಅವನ ಮುಖ ನೋಡುತ್ತಲೇ ಇದ್ದಳು. ಚಿಕ್ಕವನಿದ್ದಾಗಿನಿಂದ ಓದಿ ಬಲ್ಲ ಮುಖ, ಓದಲು ತಡವಾಗಲಿಲ್ಲ.

‘ನಿನಗ ಗೊತ್ತಿತ್ತು’ ಎಂದಳು. ‘ನನ್ನ ತಗದು ಈಕೀನ ಹಾಕಿಸಿದಿ. ನನ್ನ ಕೈಲೇನ ಪೀಜು ಬಿಡಸಿದಿ.’

ಕಾಳಪ್ಪನ ಕೈ ಕೂದಲಲ್ಲೇ ನಿಂತಿತು. ಮೊದಲ ಸಲ ಅವನು ತಲೆ ಎತ್ತಿ ವೆಂಕೋಬನನ್ನು ನೋಡಿದ.

‘ಅಕ್ಕಾ, ಶನಿವಾರ ಆದ ಮ್ಯಾಲೆ ಬಿಚ್ಚಬೇಕಂತ...’

‘ತಾವರಗೇರಾದಾಗ ಇಕಿ ತಾಯಿ ಅದಾಳ, ಮುದುಕವ್ವ’ ಎಂದಳು ಹುಲಿಗವ್ವ, ಅವನ ಮಾತು ಕೇಳಿಸದವಳಂತೆ. ‘ಯಾರರ ಹೋಗಿ ಹೇಳಬೇಕಲ್ಲ. ನೀನ ಹೋಗು.’

‘ಏನಂತ ಹೇಳ್ಲಿ ಅಕ್ಕಾ?’

‘ನನಗ ಗೊತ್ತಿತ್ತು ಅಂತ ಹೇಳು’ ಎಂದು ಹುಲಿಗವ್ವ ಅವನಿಗೆ ಬೆನ್ನು ತಿರುಗಿಸಿ ಕಾಳಪ್ಪನ ಪಕ್ಕ ಕೂತಳು. ಹೊಳಿಯಮ್ಮನ ಎಡಗೈಯನ್ನು ತನ್ನ ಮಡಿಲಿಗೆ ತೆಗೆದುಕೊಂಡಳು. ತಾವರಗೇರಾ ಬಸ್ಸು ಆಗಲೇ ಸ್ಟ್ಯಾಂಡಿಗೆ ಬಂದು ನಿಂತಿರುವ ಹೊತ್ತಾಗಿತ್ತು.